ಬ್ಯಾಡ

ಇಟ್ಕೊಳ್ಳೋದಲ್ಲ, ಬರೇ ಇರಸ್ಕೊಳ್ಳೋದು
ಅಂತ ಮೊದಲೇ ಹೇಳಿದ್ಳು ಫಿರ್ದೋಸ್
ರಟ್ಟಿನ ಡಬ್ಬಿ ನನ್ನ ಹೊಸ್ತಿಲ ಮ್ಯಾಲಿಟ್ಟು.
ಯಾರಾರ ಒಯ್ಯೋ ತನಕ. ಹದಿನೈದು ದಿನ, ಹೆಚ್ಚಂದ್ರ ತಿಂಗಳು.

ಡಬ್ಬಿ ಮ್ಯಾಲ ತೊಗರಿಬ್ಯಾಳಿ ಮಿಲ್ಲಿನ ಠಸ್ಸೆ,
ಒಳಗ ಮುದ್ದಿಯಾದ ಹಳೇ ದುಪಟ್ಟಾ,
ದುಪಟ್ಟಾದಾಗ ಹಿಂಗಾಲಿಗಿ ಪಟ್ಟಿ ಸುತ್ತಿದ ಕೆಂದ ನಾಯಿಮರಿ.
ಹುಮನಾಬಾದ್ ರಿಂಗ್ ರೋಡಿನಾಗ
ಟಂಟಂ ಹಾದು ಹೋಗಿತ್ತಂತ.

ನನ್ನ ಮನಿಗಿ ಬಂದ ಹದಿನೇಳನೇದು ಇದು.
ಹೆಸರಿಡಬಾರದು ಅನ್ನೋದು ನಾನೇ ಮಾಡ್ಕೊಂಡ ಕಾಯ್ದೆ.
ಮೂರನೇದಕ್ಕ ಇಟ್ಟಿದ್ದೆ. ಬೀದರಿನವರು ಅದನ್ನ ಒಯ್ದ ಮ್ಯಾಲ
ಎಂಟು ದಿನ ಯಾರ ಜಂಪರಿನ ಕೊರಳೂ
ನೆಟ್ಟಗ ಕತ್ತರಿಸಲಾಗಲಿಲ್ಲ.
ಅವತ್ತಿನಿಂದ ಬರೇ ಲೆಕ್ಕ. ನಾಕನೇದು, ಐದನೇದು,
ಒಂಬತ್ತನೇದು ಒಕ್ಕಣ್ಣಿನ ಬೆಕ್ಕು,
ಹನ್ನೊಂದನೇದು ಉಳೀಲಿಲ್ಲ.

ಮೇ ತಿಂಗಳು. ಬ್ರಹ್ಮಪುರದ ನಮ್ಮ ಓಣಿಯಾಗ
ಹತ್ತು ಗಂಟೆಗೇ ನಳದ ನೀರು ಕೈ ಸುಡತಿತ್ತು.
ಫರಸಿಗಿ ನೀರು ಹೊಡದು, ಒದ್ದಿ ಗೋಣಿಚೀಲ ಹಾಸಿ
ಮಷೀನಿನ ಕೆಳಗ, ನನ್ನ ಕಾಲಿನ ಪಕ್ಕ
ಅದಕ್ಕ ಜಾಗ ಮಾಡಿದೆ.

ದಾರದುಂಡಿ ಬಾಯಾಗ ಹಾಕಿದ್ರ, ಬ್ಯಾಡ.
ಪಟ್ಟಿ ಕಚ್ಚಿ ಬಿಚ್ಚಿದ್ರ, ಬ್ಯಾಡ.
ಕಸ್ತೂರಿ ಟೀಚರ ಹೊಸಾ ಖಣದ ಮ್ಯಾಲ ಹೋಗಿ ಮಲಗಿದ್ರ
ಬ್ಯಾಡ, ಬ್ಯಾಡ, ಬ್ಯಾಡ.
ಸಂಜಿಗಿ ಹಾಲಿನಾಗ ಜ್ವಾಳದ ರೊಟ್ಟಿ ನೆನಸಿ ಇಡೋವಾಗ
ಮಾತ್ರ ಏನೂ ಅಂತಿದ್ದಿಲ್ಲ.

ಇಪ್ಪತ್ತನೇ ದಿನ ಇರಬೇಕು,
ಪುಂಡಿಪಲ್ಯ ಬೇಕೇನ್ರಿ ಅಂತ ಬಾಗಿಲಾಗ ಕೂಗಿದ್ಳು ಒಬ್ಬಾಕಿ.
ಬ್ಯಾಡ, ಅಂದೆ.
ಮಷೀನಿನ ಕೆಳಗಿಂದ ಅದು ಎದ್ದು
ಮೂರು ಕಾಲಿನ ಮ್ಯಾಲ ಕುಂಟ್ಕೋತ
ಬಾಲ ಬಡಕೋತ ಬಂದು ನನ್ನೆದುರು ಕುಂತಿತು.
ಏನು? ಅನ್ನೋ ಹಂಗ.

ಪುಂಡಿಪಲ್ಯದಾಕಿ ನಕ್ಕಳು. ನನಗ ನಗಿ ಬರಲಿಲ್ಲ.
ನನ್ನ ಬಾಯಿಂದ ದಿನಾ ಅದರ ಕಿವೀಗಿ ಬಿದ್ದದ್ದು ಒಂದೇ ಮಾತು,
ಅದೇ ತನ್ನ ಹೆಸರು ಅಂತ ತಿಳಕೊಂಡಿತ್ತು.
ಬದಲಸಾಕ ನೋಡಿದೆ. ಕೆಂಚಿ ಅಂದೆ, ಚಾಂದನಿ ಅಂದೆ.
ಗೋಡಿ ನೋಡ್ತು.
ನನ್ನ ಕಾಯ್ದೆ ನಾನೇ ಮುರಿದೆ, ಅದು ಮುರೀಲಿಲ್ಲ.

ಕಾಲು ಕೂಡಿತು. ಫಿರ್ದೋಸ್ ಫೋಟೋ ತಕ್ಕೊಂಡು ಹೋದ್ಳು.
ಸೇಡಂ ರೋಡಿನ ಕಡಿಂದ ಗಂಡ ಹೆಂಡ್ತಿ ಬಂದ್ರು,
ಹೊಸಾ ಕೊರಳಪಟ್ಟಿ ಹಿಡಕೊಂಡು ಅವರ ಹುಡುಗಿ ಬಂದ್ಳು.
ಫಾರ್ಮಿನಾಗ ಒಂದು ಖಾನೆ, ಹೆಸರು.
ಏನಂತ ಕರೀತೀರಿ ಆಂಟಿ? ಅಂದ್ಳು ಹುಡುಗಿ.
ಮಷೀನಿಗಿ ಎಣ್ಣಿ ಬಿಡೋ ನೆವ ಮಾಡಿ ನಾನು ತಲಿ ಎತ್ತಲಿಲ್ಲ.

ಆ ಹೆಣ್ಮಗಳು ಒಳ್ಳೇಕಿ. ನನ್ನ ಮಾರಿ ನೋಡಿದ್ಳು.
ನೀವೇ ಇಟ್ಕೋತೀರೇನ್ರಿ? ನಾವು ಬ್ಯಾರೆ ನೋಡ್ಕೋತೀವಿ.

ಎರಡು ಖೋಲಿ ಮನಿ. ಮಂಚದ ಕೆಳಗ ಆಗಲೇ ಬುಟ್ಟಿಯಾಗ
ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು,
ಇನ್ನೂ ಕಣ್ಣು ಬಿಡದ ಬೆಕ್ಕಿನಮರಿಗಳು.

ಬ್ಯಾಡ, ಅಂದೆ.

ಓಡಿ ಬಂತು.
ನಾಕೂ ಕಾಲಿನ ಮ್ಯಾಲ.

ಎರಡು ವಾರ ಆದ ಮ್ಯಾಲ ಹುಡುಗಿ ಫೋನ್ ಮಾಡಿದ್ಳು.
ಆಂಟಿ, ರೂಬಿ ಅಂತ ಹೆಸರಿಟ್ಟೀವಿ, ಹೊಳ್ಳಿ ನೋಡವಲ್ದು.
ನಮ್ಮಜ್ಜಿ ಉಣ್ಣಾಕ ಕುಂತು
ಇನ್ನೊಂದು ರೊಟ್ಟಿ ಬ್ಯಾಡ ಅಂದ್ರ ಸಾಕು
ಎಲ್ಲಿದ್ರೂ ಓಡಿ ಬಂದು ಅಕಿ ತೊಡಿ ಮ್ಯಾಲ ತಲಿ ಇಡ್ತದ.
ಅಜ್ಜಿಗಿ ನಾಯಿ ಅಂದ್ರ ಆಗ್ತಿದ್ದಿಲ್ಲ. ಈಗ ದಿನಾ
ಎರಡೆರಡು ಸಲ ಬ್ಯಾಡ ಅಂತಾಳ.
ಯಾಕಿರಬೇಕು ಆಂಟಿ?

ಗೊತ್ತಿಲ್ಲವ್ವಾ, ಅಂದೆ.
ಫೋನು ಭುಜಕ್ಕ ಒತ್ತಿ ಹಿಡದು
ಸಿರಿಂಜಿನಾಗ ಆಡಿನ ಹಾಲು ತುಂಬತಿದ್ದೆ.
ಮೊನ್ನೆ ಕಣ್ಣು ಬಿಟ್ಟಾವ ಮೂರೂ.
ಕಿವಿನೂ ಬಿಚ್ಚಿರಬೇಕು.
ಅವುಗಳ ಮುಂದ ಈಗ ನಾನು
ನೋಡಿ ಮಾತಾಡ್ತೀನಿ.